ಮಾತ್ರೆ ಒಬ್ಬರದು, ಊಟ ಇಡೀ ಮನೆಯದು: ಆರೋಗ್ಯ ನೀತಿಗೆ ಗುಜರಾತಿನ ಮೂರು ನಗರಗಳ ಪಾಠ

ಮೆಡಿಕಲ್ ಶಾಪಿನಲ್ಲಿ ಔಷಧಿ ತೆಗೆದುಕೊಳ್ಳುವಾಗ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ಬಹುತೇಕ ಎಲ್ಲರದೂ ಒಂದೇ: "ಇದನ್ನ ಊಟಕ್ಕೆ ಮುಂಚೆ ತಗೋಬೇಕಾ, ಊಟ ಆದ್ಮೇಲಾ?" ಸ್ವಲ್ಪ ವಯಸ್ಸಾದವರಾದರೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಪಥ್ಯ ಏನಾದ್ರೂ ಇದೆಯಾ?" ಫಾರ್ಮಸಿಸ್ಟ್ ಆಗಿ ಎರಡಕ್ಕೂ ಉತ್ತರ ಹೇಳುತ್ತೇನೆ. ಔಷಧಿಗಳ ಮಾಹಿತಿ ಪತ್ರಗಳನ್ನು ಕನ್ನಡಕ್ಕೆ ತರುವಾಗ ‘ಊಟದ ನಂತರ ಸೇವಿಸಿ’ ಎಂಬ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಸಾಲು ಒಂದು ಸಂಗತಿಯನ್ನು ವಿಚಾರಿಸದೆಯೇ ಒಪ್ಪಿಕೊಂಡಿರುತ್ತದೆ. ರೋಗಿಯ ಮನೆಯಲ್ಲಿ ಊಟ ಇದೆ, ಅದು ಸಾಕಷ್ಟಿದೆ ಎನ್ನುವುದೇ ಆ ಸಂಗತಿ.

ಆಹಾರ ಮತ್ತು ಪೌಷ್ಟಿಕತೆಯ ಯೋಜನೆಗಳನ್ನು ಆರೋಗ್ಯ ನೀತಿಯೊಳಗೇ ಸೇರಿಸಬೇಕು ಎಂಬ ಮಾತು ಈಗ ದೆಹಲಿಯಿಂದ ಹಿಡಿದು ಅಮೆರಿಕದವರೆಗೆ ಕೇಳಿಬರುತ್ತಿದೆ. ಕೇಳಲು ಸರಳ. ಆದರೆ ಸೇರಿಸುವುದು ಎಂದರೇನು? ಯಾರ ದುಡ್ಡು, ಯಾರ ರಿಜಿಸ್ಟರು, ಎಷ್ಟು ಪ್ರಮಾಣ, ಫಲ ಸಿಕ್ಕಿತೋ ಇಲ್ಲವೋ ನೋಡುವವರು ಯಾರು? ಇದನ್ನು ಅರ್ಥ ಮಾಡಿಕೊಳ್ಳಲು ಗುಜರಾತಿನ ವಡೋದರಾ, ಸೂರತ್ ಮತ್ತು ಅಹಮದಾಬಾದ್ ನಗರಗಳನ್ನು ಆರಿಸಿಕೊಂಡಿದ್ದೇನೆ. ಒಂದೊಂದು ನಗರದಲ್ಲೂ ಪ್ರಶ್ನೆಯ ಒಂದೊಂದು ಮುಖ ಕಾಣುತ್ತದೆ. ಅಲ್ಲಿನ ಅನುಭವ ಕರ್ನಾಟಕಕ್ಕೂ ಚೆನ್ನಾಗಿ ಅನ್ವಯಿಸುತ್ತದೆ.

ಗುಜರಾತ್ ಯಾಕೆ?

ಕಾರ್ಖಾನೆ, ಬಂದರು, ಹಾಲಿನ ಸಹಕಾರ ಸಂಘಗಳಿಗೆ ಹೆಸರಾದ ಶ್ರೀಮಂತ ರಾಜ್ಯ ಅದು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಐದನೆಯ ಸುತ್ತು) ಪ್ರಕಾರ, ಅಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 39ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 25ರಷ್ಟು ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 65ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸುತ್ತಿನಲ್ಲಿ ಇದು ಶೇ. 55ರ ಆಸುಪಾಸಿನಲ್ಲಿತ್ತು.

ಕರ್ನಾಟಕದವರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದೇ ಸಮೀಕ್ಷೆಯಲ್ಲಿ ನಮ್ಮಲ್ಲಿ ಎತ್ತರ ಕುಂಠಿತವಾದ ಮಕ್ಕಳು ಶೇ. 35, ರಕ್ತಹೀನತೆಯುಳ್ಳ ಮಹಿಳೆಯರು ಶೇ. 48ರಷ್ಟು. ಬೆರಳ ತುದಿಯ ಹನಿ ರಕ್ತದಿಂದ ಅಳೆಯುವ ವಿಧಾನದಲ್ಲಿ ರಕ್ತಹೀನತೆಯ ಅಂದಾಜು ಸ್ವಲ್ಪ ಹೆಚ್ಚಾಗಿ ಬರಬಹುದು ಎಂಬ ವಾದ ತಜ್ಞರಲ್ಲಿದೆ. ಆ ರಿಯಾಯಿತಿ ಕೊಟ್ಟರೂ ಸಮಸ್ಯೆ ದೊಡ್ಡದೇ.

ಇದಕ್ಕೆ ಇನ್ನೊಂದು ಮುಖವಿದೆ. ಅದೇ ಗುಜರಾತಿನಲ್ಲಿ ಸುಮಾರು ಶೇ. 23ರಷ್ಟು ಮಹಿಳೆಯರು ಅತಿತೂಕದವರು. ಒಂದೇ ಬೀದಿಯಲ್ಲಿ ಬಡಕಲು ಮಗುವೂ ಇದೆ, ಸಕ್ಕರೆ ಕಾಯಿಲೆಯ ಅಜ್ಜಿಯೂ ಇದ್ದಾರೆ.

ಎರಡು ಬಾಗಿಲು ಹೇಗೆ ಬಂದವು?

ನಮ್ಮ ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆಯ ಮಟ್ಟ ಏರಿಸುವುದನ್ನೂ ಸಾರ್ವಜನಿಕ ಆರೋಗ್ಯ ಸುಧಾರಿಸುವುದನ್ನೂ ಒಟ್ಟಿಗೇ, ಸರ್ಕಾರದ ಪ್ರಾಥಮಿಕ ಕರ್ತವ್ಯ ಎನ್ನುತ್ತದೆ. ಆಡಳಿತದಲ್ಲಿ ಮಾತ್ರ ಅವು ಬೇರೆಯಾದವು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ನಮಗೆಲ್ಲ ಗೊತ್ತಿರುವ ಅಂಗನವಾಡಿ, ಶುರುವಾಯಿತು. ಕರ್ನಾಟಕದಲ್ಲಿ ಅದು ಆರಂಭವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಗುಜರಾತಿನಲ್ಲಿ ಆಗ ವಡೋದರಾ ಜಿಲ್ಲೆಗೆ ಸೇರಿದ್ದ ಛೋಟಾ ಉದಯಪುರ ತಾಲ್ಲೂಕಿನಲ್ಲಿ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಎಲ್ಲವೂ ಒಂದೇ ಸೂರಿನಡಿ ಸಿಗಬೇಕು ಎಂಬುದು ಮೂಲ ಕಲ್ಪನೆ.

ಇವತ್ತು ಅಂಗನವಾಡಿ ಇರುವುದು ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಆಸ್ಪತ್ರೆ, ಆಶಾ ಕಾರ್ಯಕರ್ತೆ, ಔಷಧಿ ಆರೋಗ್ಯ ಇಲಾಖೆಯಲ್ಲಿ. ಪಡಿತರ ಆಹಾರ ಇಲಾಖೆಯಲ್ಲಿ. ಶಾಲೆಯ ಬಿಸಿಯೂಟ ಶಿಕ್ಷಣ ಇಲಾಖೆಯಲ್ಲಿ. ಮಗುವಿನ ತೂಕ ‘ಪೋಷಣ್ ಟ್ರ್ಯಾಕರ್’ ಆ್ಯಪಿಗೆ ಹೋದರೆ, ಅದೇ ಮನೆಯ ಅಪ್ಪನ ಕ್ಷಯದ ದಾಖಲೆ ‘ನಿಕ್ಷಯ್’ ಪೋರ್ಟಲಿಗೆ ಹೋಗುತ್ತದೆ. ಅಡುಗೆಯ ಪಾತ್ರೆ ಇಬ್ಬರಿಗೂ ಒಂದೇ.

ಊಟವೇ ಔಷಧಿಯಾಗಿರುವ ಒಂದು ಜಾಗ

ಎರಡು ಬಾಗಿಲು ಒಂದಾದಾಗ ಏನಾಗುತ್ತದೆ ಎಂದು ನೋಡಲು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಬೇಕು. 2012ರಲ್ಲಿ ಗುಜರಾತ್ ಸರ್ಕಾರ ‘ಬಾಲಂ ಸುಖಂ’ ಎಂಬ ಪೌಷ್ಟಿಕತೆಯ ಮಿಷನ್ ಆರಂಭಿಸಿತು. ಊರಿನ ಮಟ್ಟದಲ್ಲಿ ಬಾಲ ಶಕ್ತಿ ಕೇಂದ್ರ, ಅದರ ಮೇಲೆ ಬಾಲ ಸೇವಾ ಕೇಂದ್ರ, ದೊಡ್ಡ ಆಸ್ಪತ್ರೆಯಲ್ಲಿ ಬಾಲ ಸಂಜೀವನಿ ಕೇಂದ್ರ ಹೀಗೆ ಮೂರು ಹಂತ ಮಾಡಿತು. ಕರ್ನಾಟಕದ ಜಿಲ್ಲಾಸ್ಪತ್ರೆಗಳಲ್ಲೂ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ.

6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು. ಅದರ ಜತೆ ಸೋಂಕು ಇದ್ದರೆ, ಅಥವಾ ಮಗುವಿಗೆ ಹಸಿವೇ ಇಲ್ಲದಿದ್ದರೆ, ದಾಖಲು ಮಾಡಿಕೊಳ್ಳುತ್ತಾರೆ. ಅಲ್ಲಿ ಕೊಡುವ ಮೊದಲ ಆಹಾರದ ಹೆಸರು ‘ಎಫ್-75’. ಹಾಲು, ಸಕ್ಕರೆ, ಎಣ್ಣೆ, ಮಂಡಕ್ಕಿ ಪುಡಿ ಸೇರಿಸಿ ಮಾಡಿದ್ದು. 100 ಮಿಲಿಲೀಟರಿಗೆ 75 ಕಿಲೊಕ್ಯಾಲರಿ. ಪ್ರಮಾಣ, ಮಗುವಿನ ತೂಕದ ಪ್ರತಿ ಕಿಲೊಗೆ ದಿನಕ್ಕೆ 130 ಮಿಲಿಲೀಟರ್. 6 ಕಿಲೊ ತೂಗುವ ಮಗುವಿಗೆ ದಿನಕ್ಕೆ 780 ಮಿಲಿಲೀಟರ್ ಆಯಿತು. ಎರಡು ಗಂಟೆಗೊಮ್ಮೆಯಂತೆ 12 ಸಲ, ಪ್ರತಿ ಸಲ 65 ಮಿಲಿಲೀಟರ್. ಚೇತರಿಸಿಕೊಂಡ ಮೇಲೆ ಹೆಚ್ಚು ಶಕ್ತಿಯ ‘ಎಫ್-100’. ಮೊದಲ ದಿನಗಳಲ್ಲಿ ಕಬ್ಬಿಣದ ಔಷಧಿ ಕೊಡುವುದಿಲ್ಲ, ಯಾಕೆಂದರೆ ಸೋಂಕಿನಿಂದ ನಲುಗಿದ ದೇಹಕ್ಕೆ ಆ ಹಂತದಲ್ಲಿ ಅದು ಹಾನಿ ಮಾಡಬಹುದು.

ಗಮನಿಸಿ, ಇಲ್ಲಿ ಹಾಲು-ಸಕ್ಕರೆಗೆ ಡೋಸ್ ಇದೆ, ವೇಳೆ ಇದೆ, ಯಾವಾಗ ಏನು ಕೊಡಬಾರದು ಎಂಬ ನಿಯಮ ಇದೆ. ದಿನಾ ತೂಕ ನೋಡಿ ಬರೆಯುತ್ತಾರೆ. ಜತೆಗಿರುವ ತಾಯಿಗೆ ಕೂಲಿ ನಷ್ಟದ ಪರಿಹಾರವೂ ಇದೆ. ಔಷಧಿಗೆ ನಾವು ಅನುಸರಿಸುವ ಶಿಸ್ತು ಊಟಕ್ಕೂ ಸಿಕ್ಕಿದೆ.

ಸುಮಾರು ಎರಡು ವಾರದ ಬಳಿಕ ಮಗು ಮನೆಗೆ ಹೋಗುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದ. ಆಸ್ಪತ್ರೆಯಲ್ಲಿ 65 ಮಿಲಿಲೀಟರಿನ ಲೋಟ ಆ ಮಗುವಿನದೊಂದೇ ಆಗಿತ್ತು. ಮನೆಯ ಪಾತ್ರೆ ಎಲ್ಲರದು.

ವಡೋದರಾ: ಶಾಲೆಯ ಮಾತ್ರೆ, ಮನೆಯ ಬೇಳೆ

ವಡೋದರಾ ಪೌಷ್ಟಿಕತೆಯ ಅಧ್ಯಯನಕ್ಕೆ ಹಳೆಯ ಊರು. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಹಂಸಾ ಮೆಹ್ತಾ ಅವರು ಕುಲಪತಿಯಾಗಿದ್ದ ಕಾಲದಲ್ಲೇ ಗೃಹವಿಜ್ಞಾನದ ವಿಭಾಗ ಆರಂಭವಾಯಿತು. ಅಲ್ಲಿನ ಆಹಾರ ಮತ್ತು ಪೌಷ್ಟಿಕತೆ ವಿಭಾಗ ಇಂದಿಗೂ ಹೆಸರುವಾಸಿ.

2000ದಲ್ಲಿ ವಡೋದರಾ ಜಿಲ್ಲೆಯ ಶಾಲೆಗಳಲ್ಲಿ ಒಂದು ಸರಳ ಕೆಲಸ ಶುರುವಾಯಿತು. ಹದಿಹರೆಯದ ಹುಡುಗಿಯರಿಗೆ ವಾರಕ್ಕೊಮ್ಮೆ, ನಿಗದಿತ ದಿನ, ಶಿಕ್ಷಕರ ಎದುರಿಗೇ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ. ಸುಮಾರು 69,000 ಹುಡುಗಿಯರು ಇದರ ವ್ಯಾಪ್ತಿಗೆ ಬಂದರು. ಆರಂಭದಲ್ಲಿ ನೂರಕ್ಕೆ ಸುಮಾರು 75 ಹುಡುಗಿಯರಿಗೆ ರಕ್ತಹೀನತೆ ಇತ್ತು. 17 ತಿಂಗಳ ನಂತರ ಅದು 53ಕ್ಕೆ ಇಳಿಯಿತು. ಮುಂದೆ ದೇಶದಾದ್ಯಂತ ಬಂದ ವಾರದ ಕಬ್ಬಿಣ ಮಾತ್ರೆ ಕಾರ್ಯಕ್ರಮಕ್ಕೆ ಇಂಥ ಅನುಭವಗಳೇ ಆಧಾರ. ಈಗ ‘ಅನೀಮಿಯಾ ಮುಕ್ತ ಭಾರತ’ದಡಿ ಸರ್ಕಾರಿ ಶಾಲೆಗಳಲ್ಲಿ ಕೊಡುವ ನೀಲಿ ಮಾತ್ರೆ ಇದೇ.

ಇಳಿಕೆ ನಿಜ. ಆದರೂ ಅರ್ಧಕ್ಕಿಂತ ಹೆಚ್ಚು ಹುಡುಗಿಯರಲ್ಲಿ ರಕ್ತಹೀನತೆ ಉಳಿಯಿತು ಎನ್ನುವುದೂ ನಿಜ. ರಕ್ತ ಆಗಲು ಕಬ್ಬಿಣದ ಜತೆ ಪ್ರೋಟೀನ್ ಬೇಕು, ಬಿ12 ಬೇಕು. ಕಬ್ಬಿಣ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ. ಇವೆಲ್ಲ ಬರಬೇಕಾದದ್ದು ತಟ್ಟೆಯಿಂದ.

ತಟ್ಟೆಗೂ ಯೋಜನೆ ಇದೆ. 2022ರ ಜೂನ್ 18ರಂದು ಪ್ರಧಾನಿ ನರೇಂದ್ರ ಮೋದಿ ವಡೋದರಾದಲ್ಲೇ ‘ಮುಖ್ಯಮಂತ್ರಿ ಮಾತೃಶಕ್ತಿ ಯೋಜನೆ’ಗೆ ಚಾಲನೆ ಕೊಟ್ಟರು. ಗರ್ಭಿಣಿಯರಿಗೂ ಎಳೆಮಕ್ಕಳ ತಾಯಂದಿರಿಗೂ ತಿಂಗಳಿಗೆ 2 ಕಿಲೊ ಕಡಲೆಕಾಳು, 1 ಕಿಲೊ ತೊಗರಿಬೇಳೆ, 1 ಲೀಟರ್ ಅಡುಗೆ ಎಣ್ಣೆ ಅಂಗನವಾಡಿಯಿಂದ ಉಚಿತ.

ಫಾರ್ಮಸಿಸ್ಟ್ ರೀತಿಯಲ್ಲಿ ಇದರ ಡೋಸ್ ಲೆಕ್ಕ ಹಾಕೋಣ. 2 ಕಿಲೊ ಕಡಲೆಯಲ್ಲಿ ಹೆಚ್ಚುಕಡಿಮೆ 380 ಗ್ರಾಂ ಪ್ರೋಟೀನ್, 1 ಕಿಲೊ ತೊಗರಿಯಲ್ಲಿ 220 ಗ್ರಾಂ. ಒಟ್ಟು 600 ಗ್ರಾಂ. 30 ದಿನಕ್ಕೆ ಹಂಚಿದರೆ ದಿನಕ್ಕೆ 20 ಗ್ರಾಂ. ಗರ್ಭಿಣಿಗೆ ಎಂದಿನದಕ್ಕಿಂತ ಹೆಚ್ಚುವರಿಯಾಗಿ ಬೇಕಾದ ಪ್ರೋಟೀನ್ ನಾಲ್ಕನೇ ತಿಂಗಳಿಂದ ದಿನಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ಕಾಗದದ ಮೇಲೆ ಬುಟ್ಟಿ ಚೆನ್ನಾಗಿಯೇ ಹೊಂದುತ್ತದೆ.

ಆದರೆ ಐದು ಜನರ ಮನೆಯಲ್ಲಿ ಬಸುರಿ ಸೊಸೆ ತನಗೊಬ್ಬಳಿಗೇ ಬೇಳೆ ಬೇಯಿಸಿಕೊಳ್ಳುತ್ತಾಳೆಯೇ? ನಿಮ್ಮ ಮನೆಯಲ್ಲಿ ಹಾಗೆ ಆಗುತ್ತದೆಯೇ, ಯೋಚಿಸಿ. ಸಮನಾಗಿ ಹಂಚಿದರೂ ಅವಳ ಪಾಲಿಗೆ ಬರುವುದು 4 ಗ್ರಾಂ. ಅವಳು ಕೊನೆಗೆ ಊಟಕ್ಕೆ ಕೂರುವ ಮನೆಯಾದರೆ ಅದೂ ಅನುಮಾನ. ಮಾತ್ರೆಯ ಡೋಸನ್ನು ಐದು ಜನ ಹಂಚಿಕೊಂಡರೆ ಕೆಲಸ ಮಾಡುವುದಿಲ್ಲ ಎಂದು ನಮಗೆಲ್ಲ ಗೊತ್ತು. ಬೇಳೆಯ ವಿಷಯದಲ್ಲಿ ಅದೇ ಆಗುತ್ತಿದ್ದರೂ ಯೋಜನೆಯ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಇದನ್ನು ತಪ್ಪಿಸಲು ಒಂದು ದಾರಿ ಅಂಗನವಾಡಿಯಲ್ಲೇ ಕೂತು ಉಣ್ಣುವುದು. ಗುಜರಾತಿನ ಬುಡಕಟ್ಟು ಪ್ರದೇಶಗಳ ‘ಪೋಷಣ್ ಸುಧಾ’ ಯೋಜನೆಯಲ್ಲಿ ಒಂದು ಹೊತ್ತಿನ ಪೂರ್ತಿ ಊಟ, ಜತೆಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. 2017ರ ಅಕ್ಟೋಬರ್ 2ರಂದು ಕರ್ನಾಟಕ ಶುರು ಮಾಡಿದ ‘ಮಾತೃಪೂರ್ಣ’ವೂ ಇದೇ ಬಗೆಯದು. ಊಟವೂ ಮಾತ್ರೆಯೂ ಒಂದೇ ಕಡೆ ಸಿಗುವ ಈ ಮಾದರಿಯಲ್ಲಿ ಡೋಸ್ ಖಚಿತ. ಕಷ್ಟ ಬೇರೆ ಕಡೆ ಇದೆ. ತುಂಬು ಗರ್ಭಿಣಿ ದಿನಾ ನಡೆದು ಹೋಗಬೇಕು, ಕೂಲಿ ಬಿಡಬೇಕು, ಬಾಣಂತಿಯನ್ನು ಮನೆಯವರು ಹೊರಗೆ ಕಳಿಸಬೇಕು. ಕರ್ನಾಟಕದಲ್ಲೂ ಈ ದೂರು ಮೊದಲ ದಿನದಿಂದಲೇ ಇತ್ತು.

ಸೂರತ್: ಮನೆಯೇ ಇಲ್ಲದವನ ಕ್ಷಯ

ಇನ್ನು ಸೂರತ್‌ಗೆ ಬನ್ನಿ. ಅಲ್ಲಿನ ವಿದ್ಯುತ್ ಮಗ್ಗಗಳಲ್ಲಿ ದುಡಿಯುವವರಲ್ಲಿ ಒಡಿಶಾದ ಗಂಜಾಂ ಜಿಲ್ಲೆಯವರು ಬಹಳ. 12 ಗಂಟೆಯ ಪಾಳಿ. ಒಂದೇ ಕೋಣೆಯಲ್ಲಿ ಹಗಲು ಪಾಳಿಯವರು ಎದ್ದು ಹೋದರೆ ರಾತ್ರಿ ಪಾಳಿಯವರು ಬಂದು ಮಲಗುತ್ತಾರೆ. ಊಟ ಮೆಸ್ಸಿನಲ್ಲಿ. ಗಾಳಿಯಾಡದ ಕೋಣೆ, ಬಳಲಿದ ಮೈ, ಸಾಲದ ಊಟ ಕ್ಷಯಕ್ಕೆ ಅನುಕೂಲವಾದ ಸ್ಥಿತಿ.

ಭಾರತದಲ್ಲಿ ಕ್ಷಯಕ್ಕೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಅಪೌಷ್ಟಿಕತೆ ಮುಂಚೂಣಿಯಲ್ಲಿದೆ. ಚಿಕಿತ್ಸೆಯೂ ತೂಕವನ್ನೇ ಅವಲಂಬಿಸಿದೆ. ನಾಲ್ಕು ಔಷಧಿ ಸೇರಿರುವ ಕ್ಷಯದ ಮಾತ್ರೆಯನ್ನು 25–34 ಕಿಲೊ ತೂಕದ ವಯಸ್ಕರಿಗೆ ದಿನಕ್ಕೆ 2, 35–49 ಕಿಲೊಗೆ 3, 50–64 ಕಿಲೊಗೆ 4 ಎಂದು ಕೊಡುತ್ತಾರೆ. 30 ಕಿಲೊ ತೂಗುವ ವಯಸ್ಕರಿಗೂ ಒಂದು ಸಾಲು ಇಡಬೇಕಾಗಿ ಬಂದಿದೆ ಎನ್ನುವುದನ್ನು ಗಮನಿಸಿ.

ಆಹಾರ ಕೊಟ್ಟರೆ ಫಲ ಎಷ್ಟು? ಇದಕ್ಕೆ ಗಟ್ಟಿ ಉತ್ತರ ಕೊಟ್ಟವರಲ್ಲಿ ನಮ್ಮ ಮಂಗಳೂರಿನವರಿದ್ದಾರೆ. ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಎಂಬ ಅಧ್ಯಯನ ನಡೆಸಿದರು. ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. 2,800 ರೋಗಿಗಳಿಗೆ ತಿಂಗಳಿಗೆ 10 ಕಿಲೊ ಆಹಾರದ ಬುಟ್ಟಿ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಗುಂಪುಗಳಲ್ಲಿ ಮನೆಯ ಉಳಿದವರಿಗೂ ತಲಾ 5 ಕಿಲೊ ಅಕ್ಕಿ, 1.5 ಕಿಲೊ ಬೇಳೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಸುಮಾರು 30 ಮನೆಗಳಿಗೆ ಆಹಾರ ಕೊಟ್ಟರೆ ಒಂದು ಹೊಸ ಪ್ರಕರಣ ತಪ್ಪುತ್ತದೆ ಎಂಬ ಲೆಕ್ಕ ಬಂತು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಿಗೆ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು.

ವಡೋದರಾದ ಬುಟ್ಟಿಯ ತೊಡಕಿಗೆ ಉತ್ತರ ಇಲ್ಲಿದೆ. ಮನೆಯವರು ಹಂಚಿಕೊಂಡು ತಿನ್ನುತ್ತಾರೆ ಎಂದು ಗೊತ್ತಿದ್ದರೆ, ಹಂಚಿಕೊಳ್ಳುವಷ್ಟು ಕೊಡಬೇಕು. ಡೋಸನ್ನು ರೋಗಿಯ ತೂಕಕ್ಕೆ ಮಾತ್ರ ಹೊಂದಿಸಿದರೆ ಸಾಲದು, ಮನೆಯ ತಲೆಗಳಿಗೂ ಹೊಂದಿಸಬೇಕು.

ಸರ್ಕಾರದ ನೀತಿ ಈ ದಿಕ್ಕಿನಲ್ಲಿ ಸ್ವಲ್ಪ ಸರಿದಿದೆ. 2018ರ ಏಪ್ರಿಲ್‌ನಲ್ಲಿ ಶುರುವಾದ ‘ನಿಕ್ಷಯ್ ಪೋಷಣ್’ ಯೋಜನೆಯ ತಿಂಗಳ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ಆಯಿತು. ತೂಕ ತೀರಾ ಕಡಿಮೆ ಇರುವವರಿಗೆ, ಅಂದರೆ ಬಿಎಂಐ 18.5ಕ್ಕಿಂತ ಕೆಳಗಿರುವವರಿಗೆ, ಮೊದಲ ಎರಡು ತಿಂಗಳು ಶಕ್ತಿಭರಿತ ಪೂರಕ ಆಹಾರ ಸೇರಿಸಲಾಯಿತು. ದಾನಿಗಳು ರೋಗಿಗಳಿಗೆ ಆಹಾರ ಬುಟ್ಟಿ ಕೊಡುವ ‘ನಿಕ್ಷಯ್ ಮಿತ್ರ’ದ ವ್ಯಾಪ್ತಿಗೆ ಮನೆಯವರನ್ನೂ ತರಲಾಯಿತು.

ತಿಂಗಳಿಗೆ 1,000 ಎಂದರೆ ದಿನಕ್ಕೆ 33 ರೂಪಾಯಿ. ಮಗ್ಗದ ಕೆಲಸ ಬಿಟ್ಟು ಕೋಣೆಯಲ್ಲಿ ಮಲಗಿದವನಿಗೆ ಅದು ಮೆಸ್ಸಿನ ಬಾಕಿಗೇ ಹೋಗಬಹುದು. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಡಿ ಗಂಜಾಂನ ಕಾರ್ಡಿನಿಂದಲೇ ಸೂರತ್‌ನಲ್ಲಿ ತನ್ನ ಪಾಲಿನ ಧಾನ್ಯ ಎತ್ತಬಹುದು. ಆದರೆ ಅದು ಧಾನ್ಯ ಮಾತ್ರ, ಬೇಳೆ-ಎಣ್ಣೆ ಬರುವುದಿಲ್ಲ. ಬೇಯಿಸಲು ಒಲೆಯೂ ಇಲ್ಲ. ಅವನ ವಿಷಯದಲ್ಲಿ ‘ಮನೆ’ ಎಂದರೆ ಮೆಸ್ಸು. ದಾನಿಗಳ ಬುಟ್ಟಿ ಬಂದರೂ ದಾನ ದಾನವೇ. ಬಂದ ತಿಂಗಳು ಬಂತು, ಬಾರದಿದ್ದರೆ ಕೇಳುವ ಹಕ್ಕಿಲ್ಲ. ಕ್ಷಯದ ಮಾತ್ರೆಯನ್ನು ಯಾರೂ ದಾನಿಗಳ ಮೇಲೆ ಬಿಡುವುದಿಲ್ಲವಲ್ಲ?

ಅಹಮದಾಬಾದ್: 10 ಲಕ್ಷದ ವಿಮೆ, 5 ರೂಪಾಯಿಯ ಊಟ

ಅಹಮದಾಬಾದಿನಲ್ಲಿ ಪ್ರಶ್ನೆಯ ಇನ್ನೊಂದು ತುದಿ ಕಾಣುತ್ತದೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಹೆಸರಾದ ಸರ್ಕಾರಿ ನೆರವಿನ ದೊಡ್ಡ ಸಂಸ್ಥೆಗಳು ಅಲ್ಲಿವೆ. 2023ರ ಜುಲೈನಿಂದ ಗುಜರಾತ್ ತನ್ನ ಆಯುಷ್ಮಾನ್ ವಿಮೆಯ ಮಿತಿಯನ್ನು ಕುಟುಂಬಕ್ಕೆ 10 ಲಕ್ಷಕ್ಕೆ ಏರಿಸಿದೆ. ಬಡವರಿಗೆ ಇದು ದೊಡ್ಡ ಆಸರೆ, ಅನುಮಾನವಿಲ್ಲ. ಆದರೆ ಈ ವಿಮೆ ಮೂಲತಃ ಆಸ್ಪತ್ರೆಗೆ ದಾಖಲಾದವರಿಗೆ. ಹೃದಯದ ಆಪರೇಷನ್‌ಗೆ ಹಣ ಸಿಗುತ್ತದೆ. ಅದಕ್ಕೆ ಹತ್ತು ವರ್ಷ ಮುಂಚೆ, ಬಿಪಿ-ಸಕ್ಕರೆ ಶುರುವಾದಾಗ, ಆಹಾರ ತಜ್ಞರ ಬಳಿ ಕೂತು ಮಾತಾಡಲು ಸಿಗುವುದಿಲ್ಲ.

ಅದೇ ಊರಿನ ಕಡಿಯಾನಾಕಾಗಳಲ್ಲಿ, ಅಂದರೆ ಕಟ್ಟಡ ಕೂಲಿಗಳು ಬೆಳಿಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವ ವೃತ್ತಗಳಲ್ಲಿ, ‘ಶ್ರಮಿಕ್ ಅನ್ನಪೂರ್ಣ’ ಯೋಜನೆಯ ಊಟ 5 ರೂಪಾಯಿಗೆ ಸಿಗುತ್ತದೆ. ನಮ್ಮ ಇಂದಿರಾ ಕ್ಯಾಂಟೀನ್ ಹಾಗೆ. ಕಾರ್ಮಿಕರ ಬಳಿಗೇ ಹೋಗಿ ಪ್ರಾಥಮಿಕ ತಪಾಸಣೆ ಮಾಡಿ ಔಷಧಿ ಕೊಡುವ ‘ಧನ್ವಂತರಿ ಆರೋಗ್ಯ ರಥ’ ಎಂಬ ಸಂಚಾರಿ ಕ್ಲಿನಿಕ್ಕೂ ಇದೆ. ಎರಡನ್ನೂ ನಡೆಸುವುದು ಒಂದೇ ಸಂಸ್ಥೆ, ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ.

ಅಲ್ಲಿ ಮಾಡಬಹುದಾದದ್ದು ಕಷ್ಟದ ಕೆಲಸವಲ್ಲ. ರಥದಲ್ಲಿ ತೂಕ ನೋಡಿ, ರಕ್ತ ಕಡಿಮೆ ಇದ್ದವಳಿಗೆ ಊಟದ ಕೌಂಟರಿನಲ್ಲಿ ಇನ್ನೊಂದು ಸೌಟು ಬೇಳೆ ಎಂದು ಚೀಟಿ ಬರೆಯಬಹುದು. ಬಿಪಿ ಇದ್ದವರಿಗೆ ಉಪ್ಪಿನಕಾಯಿ ಬೇಡ, ಉಪ್ಪು ಕಮ್ಮಿ ಎನ್ನಬಹುದು. ತಿಂಗಳ ಬಳಿಕ ಮತ್ತೆ ತೂಗಬಹುದು. ಹೊಸ ಇಲಾಖೆ ಬೇಡ, ಹೊಸ ಕಟ್ಟಡ ಬೇಡ. ಬೇಕಾದದ್ದು ಎರಡು ಕಿಟಕಿಗಳ ನಡುವೆ ಓಡಾಡುವ ಒಂದು ಚೀಟಿ.

ಹೊರಗಿನವರು ಏನು ಕಲಿತರು?

ಅಮೆರಿಕದಲ್ಲಿ ‘ಆಹಾರವೇ ಔಷಧ’ ಎಂಬ ಹೆಸರಿನಲ್ಲಿ ಪ್ರಯೋಗಗಳು ನಡೆದಿವೆ. ನಾರ್ತ್ ಕೆರೊಲೈನಾ ರಾಜ್ಯ 2022ರಿಂದ ಬಡವರ ಸರ್ಕಾರಿ ಆರೋಗ್ಯ ವಿಮೆಯ ಹಣದಲ್ಲೇ ಆಹಾರದ ಪೆಟ್ಟಿಗೆ ಕೊಡತೊಡಗಿತು. ರಾಜ್ಯದ ಬಜೆಟ್ಟಿನಲ್ಲಿ ಹಣ ಮುಂದುವರಿಯದೆ 2025ರ ಜುಲೈನಲ್ಲಿ ನಿಂತಿತು.

ಇನ್ನೊಂದು ಅಧ್ಯಯನ ಎಚ್ಚರಿಕೆ ಹೇಳುತ್ತದೆ. ಊಟಕ್ಕೆ ಕಷ್ಟವಿರುವ ಸಕ್ಕರೆ ಕಾಯಿಲೆಯವರಿಗೆ ವಾರಕ್ಕೆ 10 ಊಟಕ್ಕಾಗುವಷ್ಟು ಒಳ್ಳೆಯ ದಿನಸಿ, ಅದೂ ಇಡೀ ಮನೆಗೆ, ಜತೆಗೆ ಆಹಾರ ತಜ್ಞರ ಸಲಹೆ ಕೊಟ್ಟರು. ಆರು ತಿಂಗಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ (ಎಚ್‌ಬಿಎ1ಸಿ) ದಿನಸಿ ಪಡೆದವರಲ್ಲಿ 1.5, ಪಡೆಯದವರಲ್ಲಿ 1.3 ಅಂಶ ಇಳಿಯಿತು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಎಲ್ಲಿ ಆಹಾರದ ಕೊರತೆಯೇ ರೋಗದ ಬೇರೋ ಅಲ್ಲಿ ಬುಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ರೋಗ ಬೇರೂರಿದ ಮೇಲೆ ಬರೀ ಬುಟ್ಟಿ ಸಾಲದು. ಆದ್ದರಿಂದ ಔಷಧಿಯಂತೆ ಆಹಾರಕ್ಕೂ ಯಾರಿಗೆ, ಯಾವ ಹಂತದಲ್ಲಿ, ಎಷ್ಟು ಎಂದು ಪರೀಕ್ಷಿಸಿ ನೋಡಲೇಬೇಕು.

ಎರಡು ಅಪಾಯಗಳು

ಆಹಾರವನ್ನು ಆರೋಗ್ಯ ನೀತಿಗೆ ತರುವಾಗ ಎರಡು ಕಡೆ ಕಣ್ಣಿಡಬೇಕು.

ಮೊದಲನೆಯದು ಡಬ್ಬಿ. ಚೀಟಿಯಲ್ಲಿ ‘ಪೌಷ್ಟಿಕತೆ’ ಎಂದರೆ ಪ್ರೋಟೀನ್ ಪುಡಿಯ ಡಬ್ಬಿ ಎಂದಾಗಿಬಿಟ್ಟಿದೆ. ಕೌಂಟರಿನಲ್ಲಿ ನಿಂತವರಿಗೆ ಇದು ದಿನನಿತ್ಯದ ದೃಶ್ಯ. ಬೇಳೆಗೂ ಹಾಲಿಗೂ ಲೆಕ್ಕ ಹಾಕುವ ಮನೆಯವರು ಡಾಕ್ಟರು ಬರೆದಿದ್ದಾರೆಂದು ಡಬ್ಬಿ ಕೊಳ್ಳುತ್ತಾರೆ. ಆ ದುಡ್ಡಿಗೆ ಮನೆಗೆಲ್ಲ ಎಷ್ಟೋ ದಿನ ಕಡಲೆ, ಹಾಲು, ಬೇಳೆ ಬರುತ್ತಿತ್ತು. ಕೆಲವು ರೋಗಿಗಳಿಗೆ ವಿಶೇಷ ಪೂರಕ ಬೇಕಾಗುವುದುಂಟು, ಎಲ್ಲರಿಗೂ ಅಲ್ಲ. ನೀತಿಯಲ್ಲಿ ಆಹಾರ ಸೇರಿದಾಗ ಲಾಭ ಡಬ್ಬಿಗೆ ಹೋಗದಂತೆ ನೋಡಿಕೊಳ್ಳಬೇಕು.

ಎರಡನೆಯದು ಎಲ್ಲರಿಗೂ ಒಂದೇ ಎಂಬ ಧೋರಣೆ. ಸೂರತ್ ಸುತ್ತಲಿನ ದಕ್ಷಿಣ ಗುಜರಾತಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತರೋಗ ಹೆಚ್ಚು. ಪಡಿತರದಲ್ಲಿ ಕಬ್ಬಿಣ ಬೆರೆಸಿದ ಸಾರವರ್ಧಿತ ಅಕ್ಕಿ ಹಂಚುತ್ತಾ ಬಂದಿದ್ದರು. 2018ರ ಆಹಾರ ಸುರಕ್ಷತಾ ನಿಯಮದಲ್ಲಿ ಥಲಸ್ಸೀಮಿಯಾ, ಸಿಕಲ್ ಸೆಲ್ ಇರುವವರಿಗೆ ಎಚ್ಚರಿಕೆಯ ಸಾಲು ಪೊಟ್ಟಣದ ಮೇಲೆ ಇರಬೇಕು ಎಂದಿತ್ತು. ಆ ಪ್ರಮಾಣದಿಂದ ಹಾನಿಯಿಲ್ಲ ಎಂಬ ತಜ್ಞರ ಪರಿಶೀಲನೆಯ ನಂತರ 2024ರಲ್ಲಿ ಅದನ್ನು ಕೈಬಿಡಲು ಕೇಂದ್ರ ನಿರ್ಧರಿಸಿತು. ಆದರೂ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಗುವಿನ ಮನೆಗೆ ಏನು ಅಕ್ಕಿ ಹೋಗುತ್ತಿದೆ ಎಂದು ಅದರ ವೈದ್ಯರಿಗೆ ತಿಳಿದಿರಬೇಕಲ್ಲವೇ? ನ್ಯಾಯಬೆಲೆ ಅಂಗಡಿಯ ಯಂತ್ರವೂ ಆಸ್ಪತ್ರೆಯ ಕಂಪ್ಯೂಟರೂ ಮಾತಾಡಿಕೊಳ್ಳುವುದಿಲ್ಲ.

ಹಾಗಾದರೆ ಸೇರಿಸುವುದು ಎಂದರೇನು?

ಮೂರು ನಗರಗಳನ್ನು ಒಟ್ಟಿಗೆ ನೋಡಿದರೆ ಉತ್ತರ ಇಷ್ಟು. ಹಣ ಆರೋಗ್ಯ ಬಜೆಟ್ಟಿನಿಂದ ಖಾತರಿಯಾಗಿ ಬರಬೇಕು, ದಾನದಿಂದಲ್ಲ. ಹೊರರೋಗಿಯಾಗಿ ಬಂದವರ ತೂಕ, ಮಕ್ಕಳ ತೋಳಿನ ಅಳತೆ ಚೀಟಿಯ ಮೇಲೆ ಬರಬೇಕು. ಔಷಧಿ ದಾಸ್ತಾನು ಮುಗಿದರೆ ಹೇಗೆ ವರದಿಯಾಗುತ್ತದೋ ಬೇಳೆ ಮುಗಿದರೂ ಹಾಗೆ ಆಗಬೇಕು. ಎಷ್ಟು ಪೊಟ್ಟಣ ಹಂಚಿದೆವು ಎಂಬ ಲೆಕ್ಕದ ಜಾಗದಲ್ಲಿ ಎಷ್ಟು ತೂಕ ಏರಿತು, ಎಷ್ಟು ಹಿಮೋಗ್ಲೋಬಿನ್ ಏರಿತು ಎಂಬ ಲೆಕ್ಕ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಮಾಣ ನಿಗದಿ ಮಾಡುವಾಗ ಆ ಪಾತ್ರೆಯಿಂದ ಉಣ್ಣುವವರು ಎಷ್ಟು ಜನ ಎಂದು ಕೇಳಬೇಕು.

ನೀವು ಈಗಲೇ ಏನು ಕೇಳಬಹುದು?

ನೀತಿ ಬದಲಾಗುವವರೆಗೆ ಕಾಯಬೇಕಿಲ್ಲ.

• ಮನೆಯಲ್ಲಿ ಕ್ಷಯ ರೋಗಿ ಇದ್ದರೆ, ಚಿಕಿತ್ಸೆ ಶುರುವಾದ ದಿನದ ತೂಕ ಬರೆದಿಟ್ಟುಕೊಳ್ಳಿ. ಎರಡು ತಿಂಗಳಿಗೆ ಮತ್ತೆ ತೂಗಲು ಹೇಳಿ. ಏರದಿದ್ದರೆ ವೈದ್ಯರಿಗೆ ತಿಳಿಸಿ. ನಿಕ್ಷಯ್ ಹಣಕ್ಕೆ ಬ್ಯಾಂಕ್ ವಿವರ ಕೊಟ್ಟಿದ್ದೀರಾ, ಪೂರಕ ಆಹಾರಕ್ಕೆ ಅರ್ಹರೇ, ಮನೆಯವರ ತಪಾಸಣೆ ಆಯಿತೇ ಎಂದು ಕೇಳಿ.

• ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಚಹಾ-ಕಾಫಿಯ ಜತೆಗಾಗಲಿ, ಕ್ಯಾಲ್ಸಿಯಂ ಮಾತ್ರೆಯ ಜತೆಗಾಗಲಿ ನುಂಗಬೇಡಿ. ನಡುವೆ ಒಂದೆರಡು ಗಂಟೆ ಬಿಡಿ. ನಿಂಬೆಹಣ್ಣು, ನೆಲ್ಲಿಕಾಯಿ ಜತೆಗಿದ್ದರೆ ಒಳ್ಳೆಯದು. ಅಂಗನವಾಡಿಯ ಆಹಾರ ನಿಮ್ಮ ಪಾಲಿನದು ಎಂದು ಮನೆಯವರಿಗೂ ತಿಳಿಸಿ.

• ಮಗು ತೆಳ್ಳಗಿದೆ ಅನಿಸಿದರೆ ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡಲು ಹೇಳಿ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

• ಸಿಕಲ್ ಸೆಲ್, ಥಲಸ್ಸೀಮಿಯಾ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕಬ್ಬಿಣ ಅಥವಾ ಪ್ರೋಟೀನ್ ಪೂರಕ ತೆಗೆದುಕೊಳ್ಳಬೇಡಿ.

ಮುಂದಿನ ಸಲ ಔಷಧಿ ಕೊಳ್ಳುವಾಗ ‘ಊಟಕ್ಕೆ ಮುಂಚೆಯಾ, ಆಮೇಲಾ’ ಎಂದು ನೀವು ಖಂಡಿತ ಕೇಳುತ್ತೀರಿ, ಕೇಳಲೇಬೇಕು. ಊಟಕ್ಕೇ ಕಷ್ಟವಿದ್ದರೆ ಅದನ್ನೂ ಸಂಕೋಚ ಬಿಟ್ಟು ನಿಮ್ಮ ಡಾಕ್ಟರಿಗೋ, ಆಶಾ ಕಾರ್ಯಕರ್ತೆಗೋ, ನಮಗೋ ಹೇಳಿ. ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ನಮಗೆ ಆ ವಿಷಯವೂ ಗೊತ್ತಿರಬೇಕು.